ಸಸ್ಯಾಹಾರದ ಅಡುಗೆ: ಆಚಾರವೂ ಆರೋಗ್ಯವೂ

ಶರಣ ಪರಂಪರೆಯಲ್ಲಿ ಅನ್ನವು ಕೇವಲ ಹಸಿವನ್ನು ತಣಿಸುವ ವಸ್ತುವಲ್ಲ. ಲಿಂಗಕ್ಕೆ ಅರ್ಪಿತವಾಗಿ ಬಂದಾಗ ಅದು ಪ್ರಸಾದ, ಹಂಚಿಕೊಂಡಾಗ ದಾಸೋಹ, ದುಡಿದು ಪಡೆದಾಗ ಕಾಯಕದ ಫಲ. ಆದಕಾರಣ ನಮ್ಮ ಮನೆಗಳಲ್ಲಿ ಅಡುಗೆಯ ಒಲೆಗೂ ಪೂಜೆಯ ಜಗುಲಿಗೂ ನಡುವಿನ ಅಂತರ ಬಹಳ ಕಡಿಮೆ. ಪ್ರಾಣಿಹಿಂಸೆ ಇಲ್ಲದ ಊಟ ನಮಗೆ ಪೂರ್ವಿಕರಿಂದ ಬಂದ ಬಳುವಳಿ. ಆದರೆ ಬಳುವಳಿಯಾಗಿ ಬಂದುದನ್ನು ಅರಿತು ಅನುಸರಿಸದಿದ್ದರೆ ಅದು ಬರಿಯ ರೂಢಿಯಾಗುತ್ತದೆ. ಮಾಂಸವನ್ನು ಬಿಟ್ಟ ಮಾತ್ರಕ್ಕೆ ಊಟ ಸಾತ್ವಿಕವಾಯಿತೇ? ಸಸ್ಯಾಹಾರವೆಂದ ಮಾತ್ರಕ್ಕೆ ಅದು ಆರೋಗ್ಯಕರವೇ? ಅಡುಗೆ ಮಾಡುವ ತಾಯಿಗೂ ಆ ಊಟದಲ್ಲಿ ಸಮಪಾಲು ಸಿಗುತ್ತಿದೆಯೇ? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಸಿಂಧನೂರು, ಲಿಂಗಸೂಗೂರು, ಮಸ್ಕಿ ತಾಲೂಕುಗಳ ನಮ್ಮ ಮನೆಯೂಟವನ್ನು ಈ ಸಂಚಿಕೆಯಲ್ಲಿ ಪರಿಶೀಲಿಸೋಣ.

ಈ ನೆಲದ ಎರಡು ನೆನಪುಗಳು

ಅಹಿಂಸೆಯ ವಿಚಾರ ನಮ್ಮ ನೆಲಕ್ಕೆ ಹೊರಗಿನದಲ್ಲ. ಮಸ್ಕಿಯ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಕಿರು ಶಿಲಾಶಾಸನವಿದೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಈ ಶಾಸನದಿಂದಲೇ, ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಮಾತ್ರ ತಿಳಿದಿದ್ದ ಅರಸನು ಅಶೋಕನೇ ಎಂಬುದು ಜಗತ್ತಿಗೆ ಖಚಿತವಾಯಿತು. ಅದೇ ಅಶೋಕನು ತನ್ನ ಬೃಹತ್ ಶಿಲಾಶಾಸನಗಳಲ್ಲಿ ಅರಮನೆಯ ಅಡುಗೆಮನೆಯ ಸಂಗತಿಯನ್ನೇ ಬರೆಯಿಸಿದ್ದಾನೆ. ಹಿಂದೆ ಸಾರಿಗಾಗಿ ಲಕ್ಷಗಟ್ಟಲೆ ಪ್ರಾಣಿಗಳು ಬಲಿಯಾಗುತ್ತಿದ್ದವೆಂದೂ, ಈಗ ಎರಡು ನವಿಲು ಮತ್ತು ಒಂದು ಜಿಂಕೆ ಮಾತ್ರವೆಂದೂ, ಮುಂದೆ ಅವೂ ಇಲ್ಲವೆಂದೂ ಅದರ ತಾತ್ಪರ್ಯ. ಆ ಸಾಲುಗಳು ಮಸ್ಕಿಯ ಬಂಡೆಯ ಮೇಲಿಲ್ಲ. ನೆರೆಯ ಕರ್ನೂಲು ಸೀಮೆಯ ಯರ್ರಗುಡಿಯಂತಹ ಕಡೆಗಳಲ್ಲಿವೆ. ಸಾಮ್ರಾಜ್ಯವನ್ನಾಳಿದವನು ತನ್ನ ಬದಲಾವಣೆಯನ್ನು ಅಡುಗೆಮನೆಯ ಲೆಕ್ಕದಿಂದ ಹೇಳಿದನೆಂಬುದು ಗಮನಾರ್ಹ. ಒಮ್ಮೆಲೇ ಎಲ್ಲವನ್ನೂ ಸಾಧಿಸಿದೆನೆಂದು ಅವನು ಹೇಳಿಕೊಳ್ಳಲಿಲ್ಲ. ಇಷ್ಟು ಕಡಿಮೆಯಾಗಿದೆ, ಇನ್ನಿಷ್ಟು ಆಗಬೇಕಿದೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡನು.

ಎರಡನೆಯ ನೆನಪು ಲಿಂಗಸೂಗೂರು ತಾಲೂಕಿನ ಅಮರೇಶ್ವರದ್ದು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ಕಲ್ಯಾಣಕ್ಕೆ ತೆರಳಿದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲ ಪರಿಚಿತ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಆ ಅಕ್ಕಿ ಸಸ್ಯಾಹಾರವೇ ಆಗಿತ್ತು, ಶುದ್ಧವೇ ಆಗಿತ್ತು. ಆದರೂ ಅದು ಲಿಂಗಾರ್ಪಣೆಗೆ ಯೋಗ್ಯವಲ್ಲವೆಂದು ಆ ತಾಯಿ ಕಂಡುಕೊಂಡರು. ಆಹಾರದ ಶುದ್ಧಿಯು ಪದಾರ್ಥದಲ್ಲಿ ಮಾತ್ರವಲ್ಲ, ಅದು ಬಂದ ದಾರಿಯಲ್ಲಿ ಮತ್ತು ನಾವು ತೆಗೆದುಕೊಳ್ಳುವ ಪ್ರಮಾಣದಲ್ಲಿಯೂ ಇದೆಯೆಂಬ ಈ ಅರಿವೇ ಮುಂದಿನ ಮಾತುಗಳಿಗೆಲ್ಲ ಆಧಾರ.

ತಾಟಿನಲ್ಲಿ ಆದ ಬದಲಾವಣೆ

ನಮ್ಮ ಎರೆಭೂಮಿಯ ಮೂಲ ಬೆಳೆ ಬಿಳಿಜೋಳ. ಮುಂಗಾರಿನ ತೇವವನ್ನು ಹಿಡಿದಿಟ್ಟುಕೊಂಡ ಕರಿಮಣ್ಣಿನಲ್ಲಿ ಹಿಂಗಾರಿಗೆ ಬಿತ್ತಿದ ಜೋಳ, ಮುಂದೆ ಹೆಚ್ಚು ಮಳೆ ಬಾರದಿದ್ದರೂ ಇಬ್ಬನಿ ಮತ್ತು ಚಳಿಯಲ್ಲಿ ಕಾಳು ಕಟ್ಟುತ್ತದೆ. ಅದರ ಜೊತೆಗೆ ಕಡಲೆ, ತೊಗರಿ, ಅಗಸಿ, ಕುಸುಬೆ, ಬದುವಿನಲ್ಲಿ ಪುಂಡಿ, ಹಿತ್ತಲಲ್ಲಿ ಮೆಂತ್ಯ, ರಾಜಗಿರಿ. ಕಟಕ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳಿನ ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ: ಇದು ಹೊಲ ಕೊಟ್ಟ ಊಟ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಇಡೀ ಸೀಮೆಯ ಬೆಳೆಗಳ ಪಟ್ಟಿಯೇ ಇರುತ್ತದೆ. ಭೂತಾಯಿಗೆ ಮೊದಲು ಉಣಿಸಿ ಆಮೇಲೆ ನಾವು ಉಣ್ಣುವ ಆ ಪದ್ಧತಿಯೂ ಒಂದು ಬಗೆಯ ದಾಸೋಹವೇ.

1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭಾಗದ ಬದುಕು ಬದಲಾಯಿತು. ಬರದ ಭಯ ಕಡಿಮೆಯಾಯಿತು, ಕೈಯಲ್ಲಿ ಹಣ ಓಡಾಡಿತು, ಸಿಂಧನೂರು ಭತ್ತದ ಊರೆಂದು ಹೆಸರಾಯಿತು. ಲಿಂಗಸೂಗೂರು ಭಾಗಕ್ಕೆ ಆಮೇಲೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದಿತು. ಇದು ರೈತನ ಪರಿಶ್ರಮಕ್ಕೆ ಸಂದ ಫಲ. ಅದನ್ನು ಹಳಿಯುವ ಮಾತಿಲ್ಲ. ಆದರೆ ಹೊಲದಲ್ಲಿ ಭತ್ತ ಬಂದಂತೆ ತಾಟಿನಲ್ಲಿ ಅನ್ನದ ರಾಶಿ ಬೆಳೆಯಿತು, ರೊಟ್ಟಿ ಹಿಂದೆ ಸರಿಯಿತು. ಇಂದು ಎಷ್ಟೋ ಮನೆಗಳಲ್ಲಿ ಮುಂಜಾನೆ ಚಿತ್ರಾನ್ನ ಅಥವಾ ಮಂಡಕ್ಕಿ ಒಗ್ಗರಣೆ, ಮಧ್ಯಾಹ್ನ ಅನ್ನ ಮತ್ತು ತಿಳಿಸಾರು, ರಾತ್ರಿ ಮತ್ತೆ ಅನ್ನ. ಇದೂ ಶುದ್ಧ ಸಸ್ಯಾಹಾರವೇ. ಆದರೆ ಇದು ಸಮತೋಲನದ ಆಹಾರವಲ್ಲ.

ರೊಟ್ಟಿಯೂ ಬೇಳೆಯೂ ಏಕೆ ಜೊತೆಗಿರಬೇಕು

ಅಂಕಿಗಳನ್ನು ನೋಡೋಣ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಮತ್ತು 10 ಗ್ರಾಂ ನಾರಿನಂಶವಿದೆ. ಅಷ್ಟೇ ಪ್ರಮಾಣದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರಿನಂಶ 3 ಗ್ರಾಂ ಮಾತ್ರ. ಅಕ್ಕಿಯ ಹೊರಪದರ ಗಿರಣಿಯಲ್ಲಿಯೇ ಉಳಿದುಹೋಗುವುದರಿಂದ ಕಬ್ಬಿಣಾಂಶವೂ ಜೋಳಕ್ಕಿಂತ ಬಹಳ ಕಡಿಮೆ. ನಾರಿನಂಶ ಹೆಚ್ಚಿದ್ದರೆ ಜೀರ್ಣಕ್ರಿಯೆ ನಿಧಾನವಾಗಿ ಸಾಗಿ, ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ, ಮಲಬದ್ಧತೆಯೂ ತಪ್ಪುತ್ತದೆ. ಹಾಗೆಂದು ಜೋಳದ ರೊಟ್ಟಿ ಉಂಡರೆ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಭಾವಿಸಬಾರದು. ಪ್ರಮಾಣ ಮೀರಿದರೆ ರೊಟ್ಟಿಯೂ ಸಕ್ಕರೆಯನ್ನು ಏರಿಸುತ್ತದೆ. ವೈದ್ಯರು ಕೊಟ್ಟ ಔಷಧವನ್ನು ರೊಟ್ಟಿಯ ಭರವಸೆಯ ಮೇಲೆ ನಿಲ್ಲಿಸುವುದು ಅಪಾಯಕರ.

ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಬೇಳೆಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ. ಧಾನ್ಯಗಳಲ್ಲಿ ಅದು ಸಾಕಷ್ಟು. ಎರಡನ್ನೂ ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯೊಡನೆ ಕಾಳುಪಲ್ಯ, ಅನ್ನದೊಡನೆ ಬೇಳೆ ಎಂದು ನಮ್ಮ ಹಿರಿಯರು ರೂಢಿ ಮಾಡಿದ್ದರ ಹಿಂದೆ ಅನುಭವದ ಈ ಜ್ಞಾನವಿದೆ. ಸಮಸ್ಯೆ ಬಂದಿರುವುದು ಬೇಳೆ ತೆಳ್ಳಗಾದಾಗ. ಆರು ಜನರ ಸಾರಿಗೆ ಒಂದು ಹಿಡಿ ತೊಗರಿಬೇಳೆ ಹಾಕಿದರೆ ಅದು ಹುಳಿನೀರಾಗುತ್ತದೆಯೇ ಹೊರತು ಪೋಷಣೆಯಾಗುವುದಿಲ್ಲ.

ಒಂದು ಸರಳ ಲೆಕ್ಕ ನೆನಪಿಡಬಹುದು. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.83 ಗ್ರಾಂ ಪ್ರೋಟೀನು ಬೇಕು. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ. ದಿನದಲ್ಲಿ 250 ಗ್ರಾಂ ಜೋಳದ ಹಿಟ್ಟಿನಿಂದ 25 ಗ್ರಾಂ, 60 ಗ್ರಾಂ ಬೇಳೆಕಾಳಿನಿಂದ 13 ಗ್ರಾಂ, 30 ಗ್ರಾಂ ಶೇಂಗಾದಿಂದ 7 ಗ್ರಾಂ, 300 ಮಿಲಿಲೀಟರ್ ಹಾಲು ಅಥವಾ ಮೊಸರಿನಿಂದ ಸುಮಾರು 10 ಗ್ರಾಂ: ಒಟ್ಟು 55 ಗ್ರಾಂ. ಯಾವ ಡಬ್ಬಿಯ ಪುಡಿಯೂ ಬೇಡ. ನಮ್ಮ ಸಂತೆಯಲ್ಲಿ ಸಿಗುವ ವಸ್ತುಗಳೇ ಸಾಕು.

ಕೊನೆಗೆ ಉಣ್ಣುವ ತಾಯಿ

ಈಗ ಕಠಿಣವಾದ ಮಾತಿಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇದು ಮಾಂಸ ತಿನ್ನದವರ ಕಾಯಿಲೆ ಮಾತ್ರವಲ್ಲ. ಎಲ್ಲ ಬಗೆಯ ಊಟದ ಮನೆಗಳಲ್ಲಿಯೂ ಇದೆ. ಆದರೆ ಸಸ್ಯಾಹಾರಿಗಳು ಇದರ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು. ಏಕೆಂದರೆ ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲ.

ಹೀರಿಕೆಯನ್ನು ಹೆಚ್ಚಿಸುವ ಉಪಾಯಗಳು ಅಡುಗೆಮನೆಯಲ್ಲಿಯೇ ಇವೆ. ಮೊದಲನೆಯದು ಹುಳಿ: ಲಿಂಬೆ, ನೆಲ್ಲಿ, ಪೇರಲ, ಹಸಿ ಟೊಮ್ಯಾಟೊಗಳಲ್ಲಿರುವ ‘ಸಿ’ ಜೀವಸತ್ವವು ಸೊಪ್ಪುಕಾಳುಗಳ ಕಬ್ಬಿಣವನ್ನು ದೇಹಕ್ಕೆ ಒಗ್ಗಿಸುತ್ತದೆ. ಈ ಜೀವಸತ್ವ ಶಾಖಕ್ಕೆ ನಾಶವಾಗುವುದರಿಂದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆಯೇ ಲಿಂಬೆ ಹಿಂಡಬೇಕು. ಎರಡನೆಯದು ಮೊಳಕೆ: ಮಡಿಕೆಕಾಳು, ಹೆಸರುಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಬಂಧಿಸಿಡುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಮೂರನೆಯದು ಚಹಾದ ಸಂಯಮ: ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿದ ಚಹಾ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ, ಕನಿಷ್ಠ ಒಂದು ಗಂಟೆಯ ಅಂತರವಿರಲಿ. ನಾಲ್ಕನೆಯದು ಕಬ್ಬಿಣದ ಹಂಚು ಮತ್ತು ಬಾಣಲೆ: ಹುಳಿಯುಳ್ಳ ಪದಾರ್ಥವನ್ನು ಇವುಗಳಲ್ಲಿ ಬೇಯಿಸಿದಾಗ ಸ್ವಲ್ಪ ಕಬ್ಬಿಣ ಆಹಾರಕ್ಕೆ ಸೇರುತ್ತದೆ.

ಆದರೆ ಈ ಉಪಾಯಗಳೆಲ್ಲ ಊಟ ಸಿಕ್ಕವರಿಗೆ ಮಾತ್ರ. ಮನೆಯ ಗಂಡಸರಿಗೆ, ಮಕ್ಕಳಿಗೆ, ಬಂದ ಅತಿಥಿಗಳಿಗೆ ಬಡಿಸಿ ಮುಗಿದ ಮೇಲೆ, ಪಾತ್ರೆಯ ತಳದಲ್ಲಿ ಉಳಿದ ತಿಳಿಸಾರಿನಲ್ಲಿ ತಣ್ಣನೆಯ ಅನ್ನ ಕಲಸಿ ಉಣ್ಣುವ ತಾಯಂದಿರು ನಮ್ಮ ಮನೆಗಳಲ್ಲಿ ಇಲ್ಲವೆನ್ನಲು ನಮಗೆ ಧೈರ್ಯವಿದೆಯೇ? ಗಟ್ಟಿ ಪಲ್ಯ ಮೊದಲಿನವರ ತಾಟಿಗೆ ಹೋಗಿರುತ್ತದೆ, ಮೊಸರು ಮುಗಿದಿರುತ್ತದೆ. ಇದನ್ನು ಆಕೆಯ ತ್ಯಾಗವೆಂದು ಹೊಗಳಿ ಮುಂದೆ ಸಾಗುವುದು ಸುಲಭ. ಆದರೆ ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಶರಣರ ಮಾರ್ಗದಲ್ಲಿ ನಡೆಯುವವರು ಆಕೆಯನ್ನು ಹಸಿದಿರಿಸಿದ ಊಟವನ್ನು ಅಹಿಂಸೆಯ ಊಟವೆಂದು ಹೇಗೆ ಕರೆಯುವುದು? ಎಲ್ಲರೂ ಒಟ್ಟಿಗೆ ಕುಳಿತು, ಪಲ್ಯವನ್ನು ಮೊದಲೇ ಸಮವಾಗಿ ಪಾಲು ಮಾಡಿಕೊಂಡು ಉಣ್ಣುವುದು ಯಾವ ಔಷಧಕ್ಕೂ ಕಡಿಮೆಯಲ್ಲದ ಚಿಕಿತ್ಸೆ. ರೊಟ್ಟಿ ಬಡಿಯಲು, ಕಾಳು ಹಸನು ಮಾಡಲು, ಪಾತ್ರೆ ತೊಳೆಯಲು ಗಂಡುಮಕ್ಕಳ ಕೈಯೂ ಕೂಡಲಿ. ಕಾಯಕದಲ್ಲಿ ಮೇಲುಕೀಳಿಲ್ಲ ಎನ್ನುವ ಮಾತು ಅಡುಗೆಮನೆಗೂ ಅನ್ವಯಿಸುತ್ತದೆ.

ಸದಾ ಆಯಾಸ, ಮೆಟ್ಟಿಲೇರಿದರೆ ಏದುಸಿರು, ಬಿಳಿಚಿದ ಕಣ್ಣಿನ ಒಳರೆಪ್ಪೆ ಕಂಡುಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಮಹಿಳೆಯರಲ್ಲಿ ಅದು 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆಯೆಂದೇ ಅರ್ಥ. ಆಗ ಸೊಪ್ಪಿನ ಊಟವೊಂದೇ ಸಾಲದು, ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯೂ ಬೇಕು. ಮಾತ್ರೆಯನ್ನು ಹಾಲು, ಚಹಾಗಳೊಡನೆ ನುಂಗಬಾರದು.

ಸಸ್ಯದಲ್ಲಿ ಸಿಗದ ಒಂದು ಅಂಶ

ನಿಷ್ಠೆಯಿಂದ ಸಸ್ಯಾಹಾರವನ್ನು ಪಾಲಿಸುವವರು ಮುಚ್ಚುಮರೆಯಿಲ್ಲದೆ ತಿಳಿಯಬೇಕಾದ ಸತ್ಯವೊಂದಿದೆ. ಬಿ12 ಎಂಬ ಜೀವಸತ್ವ ಸೊಪ್ಪು, ಕಾಳು, ಹಣ್ಣುಗಳಲ್ಲಿ ದೊರೆಯುವುದಿಲ್ಲ. ಮಾಂಸ ತಿನ್ನದವರಿಗೆ ಅದರ ಸಹಜ ಮೂಲ ಹಾಲು, ಮೊಸರು, ಮಜ್ಜಿಗೆ ಮಾತ್ರ. ಹೈನು ಇರುವ ಮನೆಗಳಲ್ಲಿ ಹಾಲೆಲ್ಲವೂ ಡೇರಿಗೆ ಹೋಗಿ, ಮನೆಯವರಿಗೆ ಚಹಾಕ್ಕಾಗುವಷ್ಟು ಮಾತ್ರ ಉಳಿಯುವುದುಂಟು. ಅಂತಹ ಮನೆಗಳಲ್ಲಿ ಈ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಪಾದಗಳಲ್ಲಿ ಜುಮ್ಮೆನ್ನುವುದು, ನಡೆಯುವಾಗ ತೂಕ ತಪ್ಪುವುದು, ನಾಲಿಗೆ ಉರಿ, ಮರೆವು ಇದರ ಲಕ್ಷಣಗಳು. ವಯಸ್ಸಾಯಿತೆಂದು ಇವುಗಳನ್ನು ಕಡೆಗಣಿಸಿದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿ ಈ ಕೊರತೆಯ ಸಂಭವ ಇನ್ನೂ ಹೆಚ್ಚು. ದಿನಕ್ಕೆರಡು ಬಾರಿ ಹಾಲು ಅಥವಾ ಮೊಸರಿನ ಬಳಕೆ, ಅರವತ್ತು ದಾಟಿದವರಿಗೆ ರಕ್ತಪರೀಕ್ಷೆ, ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ಅಥವಾ ಚುಚ್ಚುಮದ್ದು: ಇಷ್ಟು ಮಾಡಿದರೆ ಆಚಾರಕ್ಕೂ ಭಂಗವಿಲ್ಲ, ಆರೋಗ್ಯಕ್ಕೂ ಭಂಗವಿಲ್ಲ.

ಉಪ್ಪು, ಎಣ್ಣೆಗಳ ಮಿತಿಯನ್ನೂ ಇಲ್ಲಿಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ, ಉಪ್ಪು ಸಾಕು. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೆಂಪುಖಾರಗಳಲ್ಲಿಯೇ ಅದರ ದೊಡ್ಡ ಪಾಲು ಹೋಗಿಬಿಡುತ್ತದೆ. ಮಿರ್ಚಿ, ಭಜಿಗಳನ್ನು ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸುವುದು ಹೃದಯಕ್ಕೆ ಹಿತವಲ್ಲ. ಮಾಂಸವಿಲ್ಲದ ಮಾತ್ರಕ್ಕೆ ಕರಿದ ತಿಂಡಿಯು ಸಾತ್ವಿಕವಾಗುವುದಿಲ್ಲ.

ನೀರು, ಮಿತಿ ಮತ್ತು ಲಕ್ಕಮ್ಮನ ಅಕ್ಕಿ

ಎಡದಂಡೆ ಕಾಲುವೆಯನ್ನು ಮೂಲತಃ ಯೋಜಿಸಿದ್ದು ಹೆಚ್ಚಿನ ಭೂಮಿಗೆ ಮಿತವಾದ ನೀರು ಕೊಟ್ಟು ಕಡಿಮೆ ನೀರಿನ ಬೆಳೆಗಳನ್ನು ಕಾಪಾಡಲೆಂದು. ಭತ್ತಕ್ಕೆ ಅದರಲ್ಲಿ ಸಣ್ಣ ಪಾಲು ಮಾತ್ರವಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಕೆಳಭಾಗದ, ಕೊನೆಯಂಚಿನ ಹೊಲಗಳಿಗೆ ನೀರು ತಲುಪುವುದು ಕಷ್ಟವಾಯಿತು. ಸದಾ ನೀರು ನಿಂತ ಎಷ್ಟೋ ಕರಿಭೂಮಿ ಜವುಳಾಗಿ, ಉಪ್ಪುಗಟ್ಟಿ, ಬೆಳೆ ಕೊಡದಂತಾಯಿತು. ಇದಕ್ಕೆ ಒಬ್ಬ ರೈತನನ್ನು ದೂರಿ ಫಲವಿಲ್ಲ; ಮಾರುಕಟ್ಟೆ ಭತ್ತವನ್ನೇ ಕೇಳುತ್ತದೆ, ಜೋಳದ ಬೆಲೆ ರೈತನ ಕೈ ಹಿಡಿಯುವುದಿಲ್ಲ. ಆದರೆ ಮಾರುಕಟ್ಟೆ ಎಂದರೆ ಕೊನೆಗೆ ನಮ್ಮ ನಿಮ್ಮ ಅಡುಗೆಮನೆಗಳೇ. ವಾರದಲ್ಲಿ ಕೆಲವು ಹೊತ್ತಾದರೂ ಅನ್ನದ ಬದಲು ರೊಟ್ಟಿ, ಸಜ್ಜಿ, ನುಚ್ಚು ನಮ್ಮ ತಾಟಿಗೆ ಬಂದರೆ ಆ ಬೆಳೆಯನ್ನು ಬೆಳೆಯುವವನಿಗೆ ಆಸರೆ ಸಿಗುತ್ತದೆ. ಮೇಲಿನವನು ಮಿತಿ ಮೀರಿ ತೆಗೆದುಕೊಂಡರೆ ಕೆಳಗಿನವನಿಗೆ ಬರಿದಾಗುತ್ತದೆ ಎಂಬುದು ನೀರಿಗೂ ಸತ್ಯ, ಅನ್ನಕ್ಕೂ ಸತ್ಯ. ಹೆಚ್ಚಾದ ಅಕ್ಕಿಯನ್ನು ಮರಳಿಸಿದ ಲಕ್ಕಮ್ಮನವರ ತೀರ್ಮಾನವನ್ನು ಅವರ ಸ್ವಂತ ಸೀಮೆಯವರಾದ ನಾವು ಹೀಗೆ ಅರ್ಥಮಾಡಿಕೊಳ್ಳಬಹುದು. ಮದುವೆ, ಜಾತ್ರೆಗಳಲ್ಲಿ ಎಲೆಯಲ್ಲಿ ಬಿಟ್ಟು ಏಳುವ ಅನ್ನಕ್ಕೂ ಇದೇ ಮಾತು.

ಮನೆಯಲ್ಲಿ ಆರಂಭಿಸಲು

ನಾಲ್ವರಿಗೆ ಆಗುವ ಪುಂಡಿಪಲ್ಯದ ಕ್ರಮ ಹೀಗಿದೆ. ಅರ್ಧ ಬಟ್ಟಲು ತೊಗರಿಬೇಳೆ, ಎರಡು ಚಮಚ ಜೋಳದ ನುಚ್ಚು, ನಾಲ್ಕು ಹಸಿಮೆಣಸಿನಕಾಯಿಗಳನ್ನು ಬೇಯಿಸಿಕೊಳ್ಳಬೇಕು. ಎರಡು ಬಟ್ಟಲು ತೊಳೆದ ಪುಂಡಿಸೊಪ್ಪನ್ನು ಬೇರೆಯಾಗಿ ಬೇಯಿಸಿ, ಹುಳಿ ಹೆಚ್ಚೆನಿಸಿದರೆ ನೀರು ಬಸಿದು, ಬೇಳೆಯೊಡನೆ ಕೂಡಿಸಿ ಕಡಗೋಲಿನಿಂದ ಮಸೆಯಬೇಕು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಎಂಟು ಬೆಳ್ಳುಳ್ಳಿ ಎಸಳು, ಒಂದು ಹಿಡಿ ಶೇಂಗಾಗಳ ಒಗ್ಗರಣೆ ಕೊಟ್ಟು, ಮಿತವಾಗಿ ಉಪ್ಪು ಹಾಕಿ ಕುದಿಸಿದರೆ ಪಲ್ಯ ಸಿದ್ಧ. ಧಾನ್ಯ, ಬೇಳೆ, ಸೊಪ್ಪು, ಎಣ್ಣೆಕಾಳು ನಾಲ್ಕೂ ಒಂದೇ ಪಾತ್ರೆಯಲ್ಲಿ ಕೂಡಿದವು. ಮೂತ್ರಪಿಂಡದಲ್ಲಿ ಹರಳಿನ ತೊಂದರೆ ಇರುವವರು ಇಂತಹ ಹುಳಿಸೊಪ್ಪುಗಳನ್ನು ವೈದ್ಯರನ್ನು ಕೇಳಿ ಬಳಸಬೇಕು.

ರೊಟ್ಟಿ ಬಡಿಯಲು ಬಾರದೆಂದು ಹಿಂಜರಿಯುವ ಎಳೆಯರಿಗೆ ಒಂದು ಮಾತು. ಗೋಧಿಯಲ್ಲಿರುವ ಜಿಗುಟು ಪ್ರೋಟೀನು ಜೋಳದಲ್ಲಿಲ್ಲ. ಆದಕಾರಣ ತಣ್ಣೀರಿನಲ್ಲಿ ನಾದಿದರೆ ಹಿಟ್ಟು ಒಡೆಯುತ್ತದೆ. ಕುದಿಯುವ ಎಸರು ಹಾಕಿದಾಗ ಪಿಷ್ಟವು ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಹಿಟ್ಟು ಹೊಸದಾಗಿ ಬೀಸಿದ್ದಾಗಿರಲಿ, ಚೆನ್ನಾಗಿ ನಾದಿರಲಿ. ಹತ್ತು ರೊಟ್ಟಿ ಹರಿದ ಮೇಲೆ ಹನ್ನೊಂದನೆಯದು ದುಂಡಗೆ ಬರುತ್ತದೆ.

ಕೊನೆಯದಾಗಿ ಒಂದು ಅರಿಕೆ. ನಮ್ಮ ಸಸ್ಯಾಹಾರ ನಮ್ಮ ವ್ರತವೇ ಹೊರತು ಇನ್ನೊಬ್ಬರನ್ನು ಅಳೆಯುವ ಕೋಲಲ್ಲ. ಬೇರೆ ಊಟ ಉಣ್ಣುವವರನ್ನು ಕೀಳಾಗಿ ಕಂಡರೆ, ಜೀವದಯೆಯ ಹೆಸರಿನಲ್ಲಿ ಮನುಷ್ಯನನ್ನೇ ನೋಯಿಸಿದಂತಾಗುತ್ತದೆ. ಈ ತಿಂಗಳು ಪ್ರತಿ ಮನೆಯಲ್ಲಿ ಮೂರು ಕೆಲಸಗಳಾಗಲಿ: ದಿನಕ್ಕೊಂದು ಹೊತ್ತು ರೊಟ್ಟಿ ಮತ್ತು ಗಟ್ಟಿ ಕಾಳುಪಲ್ಯ, ಮನೆಯ ಹೆಣ್ಣುಮಕ್ಕಳೆಲ್ಲರ ಹಿಮೋಗ್ಲೋಬಿನ್ ಪರೀಕ್ಷೆ, ರಾತ್ರಿಯ ಊಟಕ್ಕೆ ಅಡುಗೆ ಮಾಡಿದವರೂ ಸೇರಿ ಒಂದೇ ಪಂಕ್ತಿ. ಅಂತಹ ಪಂಕ್ತಿಯಲ್ಲಿ ಬಡಿಸಿದ ಸಾದಾ ರೊಟ್ಟಿಯೂ ಪ್ರಸಾದವೇ ಆಗಿರುತ್ತದೆ.